ಹೊಗಳಿ ಮೂಲೆಗಿಟ್ಟ ಪುಸ್ತಕ: 'ಕುಸುಮಬಾಲೆ'ಯನ್ನು ಓದಿದವರು ಏನಂತಾರೆ?

"ಅಲ್ಲ ಮೇಷ್ಟ್ರೆ, ದೀಪ ಮಾತಾಡ್ತದೆ, ಮಂಚ ಮಾತಾಡ್ತದೆ ಅಂತ ಬರ್ದಿದಾರಲ್ಲ, ಇದನ್ನ ನಾವು ಓದಬೇಕಾ?"

ಹೀಗೆ ಕೇಳಿದವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೈಸುಟ್ಟುಕೊಂಡು ದುಡಿದು ನಿವೃತ್ತರಾದ ಹಿರಿಯರೊಬ್ಬರು. ಜಾಗ ಶಿವಮೊಗ್ಗದ ವಿನೋಬನಗರ. ಭಾನುವಾರ ಸಂಜೆ ನಮ್ಮ ಮನೆಯ ವರಾಂಡದಲ್ಲಿ ಏಳೆಂಟು ಜನ ಸೇರುತ್ತೇವೆ. ಸಂಘ ಅಂತ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಒಬ್ಬರು ಓದುವುದು, ಉಳಿದವರು ಕೇಳುವುದು, ಆಮೇಲೆ ಜಗಳ. ಈ ಸಲ ಕೈಗೆತ್ತಿಕೊಂಡಿದ್ದು ದೇವನೂರ ಮಹಾದೇವರ 'ಕುಸುಮಬಾಲೆ'. ಮರುಮುದ್ರಣದ ಒಂದೇ ಒಂದು ಪ್ರತಿ.

ಈ ಕಾದಂಬರಿಯ ಹೆಸರು ಕೇಳದವರು ನಮ್ಮಲ್ಲಿ ಯಾರೂ ಇರಲಿಲ್ಲ. ೧೯೯೦ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಗೊತ್ತು. ಆದರೆ ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಿದವರು ಎಷ್ಟು ಜನ ಅಂತ ಕೇಳಿದಾಗ ಎದ್ದದ್ದು ಒಂದೇ ಕೈ. ಒಬ್ಬರು ಹತ್ತು ಪುಟಕ್ಕೆ ನಿಲ್ಲಿಸಿದ್ದರು. ಒಬ್ಬರು ಪರೀಕ್ಷೆಗೆ ಬೇಕಾದಷ್ಟು ಟಿಪ್ಪಣಿ ಓದಿದ್ದರು. ಮತ್ತೊಬ್ಬರು, "ಓದಿಲ್ಲ, ಆದ್ರೆ ಅದರ ಮೇಲೆ ಭಾಷಣ ಮಾಡಿದೀನಿ" ಅಂದರು. ನಗೆ ಬಂತು, ಆದರೆ ಅದು ನಗುವ ವಿಷಯವಲ್ಲ. ನಮ್ಮವರ ಪುಸ್ತಕಗಳನ್ನು ಹೆಸರೆತ್ತದೆ ಮೂಲೆಗೆ ತಳ್ಳಿದ ಕಾಲ ಒಂದಿತ್ತು. ಈಗ ಹಾರ ಹಾಕಿ ಮೂಲೆಗಿಡುವ ಕಾಲ. ತಳ್ಳಿದವರು ಬೇರೆಯವರು, ಹಾರ ಹಾಕಿದವರಲ್ಲಿ ನಾವೂ ಇದ್ದೇವೆ. ಅದಕ್ಕೇ ಈ ಬರಹ. ವಿಮರ್ಶಕರು ಏನೆಂದರು ಅನ್ನುವುದು ಸಾಕಷ್ಟು ಅಚ್ಚಾಗಿದೆ. ಓದುಗರು ಏನಂತಾರೆ ಅನ್ನುವುದನ್ನು ಸ್ವಲ್ಪ ಕೇಳೋಣ.

ಮೊದಲನೇ ತಕರಾರು ಭಾಷೆಯದು. "ಇದು ನಮ್ಮ ಕನ್ನಡ ಅಲ್ಲ" ಅಂದಳು ಸಹ್ಯಾದ್ರಿ ಕಾಲೇಜಿನಲ್ಲಿ ಓದುವ ಹುಡುಗಿ. ಅವಳ ಮಾತಿನಲ್ಲಿ ಸುಳ್ಳಿಲ್ಲ. ದೇವನೂರು ನಂಜನಗೂಡು ಸೀಮೆಯ ಊರು. ಆ ಸೀಮೆಯ ಕೇರಿಯ ಮಾತನ್ನು ಮಹಾದೇವ ತೊಳೆದು ಇಸ್ತ್ರಿ ಮಾಡದೆ ಹಾಗೇ ಅಚ್ಚಿಗೆ ಕೊಟ್ಟಿದ್ದಾರೆ. ಪಾತ್ರಗಳು ಮಾತಾಡುವಾಗ ಮಾತ್ರವಲ್ಲ, ಕತೆ ಹೇಳುವ ದನಿಯೂ ಅದೇ. ಶಿವಮೊಗ್ಗದ ಕಣ್ಣು ಆ ಪದಗಳ ಮೇಲೆ ಎಡವುತ್ತದೆ.

ಆದರೆ ಎರಡನೇ ಭಾನುವಾರ ನಡೆದದ್ದು ಕೇಳಿ. ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಬಂದು ನಮ್ಮ ಬೀದಿಯಲ್ಲೇ ನೆಲೆಸಿರುವ ಅಕ್ಕ ಒಬ್ಬರು ಚಹಾ ಕೊಡಲು ಬಂದವರು ಬಾಗಿಲಲ್ಲೇ ನಿಂತರು. "ಹಂಗಲ್ಲ ಅದು ಓದದು, ಕೊಡಿ ಇಲ್ಲಿ" ಅಂತ ಪುಸ್ತಕ ಕಸಿದುಕೊಂಡು ಓದತೊಡಗಿದರು. ಅಲ್ಲಲ್ಲ, ಹೇಳತೊಡಗಿದರು. ಅವರು ಚಿಕ್ಕವರಿದ್ದಾಗ ಮನೆ ಮುಂದೆ ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡುತ್ತಿದ್ದ ನೀಲಗಾರರ ಏರಿಳಿತ ಆ ದನಿಯಲ್ಲಿತ್ತು. ಹಿಂದಿನ ವಾರ ಒಂದು ಗಂಟೆ ಗುದ್ದಾಡಿದ್ದ ಪುಟಗಳು ಕಾಲು ಗಂಟೆಯಲ್ಲಿ ಎಲ್ಲರಿಗೂ ತಿಳಿದವು. ಅರ್ಥವಾಗದ ಪದಗಳು ಹತ್ತಿಪ್ಪತ್ತು ಉಳಿದವು, ಉಳಿಯಲಿ. ಯಕ್ಷಗಾನ ನೋಡುವವನಿಗೆ ಭಾಗವತರ ಪ್ರತಿಯೊಂದು ಪದವೂ ತಿಳಿಯುತ್ತದೆಯೇ? ಆದರೂ ಬೆಳಗಿನವರೆಗೆ ಕೂತಿರುತ್ತಾನೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪಂಪನನ್ನು ಓದಲು ನಮಗೆ ನಿಘಂಟು ಬೇಕು, ಅರ್ಥಕೋಶ ಬೇಕು, ಗದ್ಯಾನುವಾದ ಬೇಕು, ಪಾಠ ಹೇಳುವ ಮೇಷ್ಟ್ರು ಬೇಕು. ಅದನ್ನು ಯಾರೂ 'ಅರ್ಥವಾಗದ ಪುಸ್ತಕ' ಅನ್ನುವುದಿಲ್ಲ, 'ಪ್ರೌಢ' ಅನ್ನುತ್ತಾರೆ. ಈಗಲೂ ಬದುಕಿರುವ, ಬಸ್ಸು ಹತ್ತಿದರೆ ಒಂದು ಹಗಲಿನಲ್ಲಿ ಮುಟ್ಟಬಹುದಾದ ಕೇರಿಯ ಮಾತನ್ನು ಮಾತ್ರ 'ಕ್ಲಿಷ್ಟ' ಅನ್ನುತ್ತೇವೆ. ಸಾವಿರ ವರ್ಷದ ಹಿಂದಿನ ಆಸ್ಥಾನ ನಮಗೆ ಹತ್ತಿರ, ನಂಜನಗೂಡಿನ ಕೇರಿ ದೂರ! ಈ ದೂರವನ್ನು ಅಳೆದವರು ಯಾರು? ನಾವು ಕಲಿತ ಶಾಲೆಯ ಕನ್ನಡವೇ ಅಳೆದದ್ದು. ಬಂಡಾಯದವರಾದ ನಾವೂ ಆ ಅಳತೆಗೋಲನ್ನೇ ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದೇವೆ.

ಎರಡನೇ ತಕರಾರು ಇದಕ್ಕಿಂತ ಭಾರವಾದದ್ದು. ಕಾರ್ಖಾನೆಯ ಹಿರಿಯರು ಎತ್ತಿದ್ದು ಅದನ್ನೇ.

ಅವರ ಹಿನ್ನೆಲೆ ತಿಳಿಯದೆ ಆ ಪ್ರಶ್ನೆಯ ತೂಕ ತಿಳಿಯುವುದಿಲ್ಲ. ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡೇ ೧೯೭೦ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಕಾರ್ಖಾನೆಯ ಪಾಳಿ ಮುಗಿಸಿ ಅವರ ಸಭೆಗೆ ಹೋಗುತ್ತಿದ್ದ ಹುಡುಗರಲ್ಲಿ ಈ ಹಿರಿಯರೂ ಒಬ್ಬರು. ೧೯೮೬ರ ಮಾರ್ಚಿನಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿದ್ದು ಬಟ್ಟೆ ಬಿಚ್ಚಿ ಓಡಿಸಿದ್ದನ್ನು ನಾಡೇ ಕಂಡಿದೆ. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ದೇವರು ಮೈಮೇಲೆ ಬಂತು, ಹರಕೆ ತೀರಿಸದಿದ್ದರೆ ಮನೆ ಉರಿದೀತು ಅನ್ನುವ ಹೆದರಿಕೆಯನ್ನು ಹೊತ್ತು ಬೆತ್ತಲೆ ನಡೆದವರಲ್ಲಿ ನಮ್ಮ ಹೆಣ್ಣುಮಕ್ಕಳೇ ಎಷ್ಟೋ ಮಂದಿ. ಆ ಹೆದರಿಕೆಯ ವಿರುದ್ಧ ಹೋರಾಡಿದವರು ಕೇಳುತ್ತಿದ್ದಾರೆ: "ದೆವ್ವ ಇಲ್ಲ, ಭೂತ ಇಲ್ಲ, ಚೌಡಿ ಇಲ್ಲ ಅಂತ ಕೇರಿ ಕೇರಿ ತಿರುಗಿ ಹೇಳಿದ್ವಿ. ಈಗ ನಮ್ಮವರೇ ಬರ್ದ ಪುಸ್ತಕದಲ್ಲಿ ದೀಪಕ್ಕೆ ಜೀವ, ಮಂಚಕ್ಕೆ ಬಾಯಿ. ಹಂಗಾದ್ರೆ ನಾವು ಹೇಳಿದ್ದು ಸುಳ್ಳಾ?"

ಈ ಪ್ರಶ್ನೆಗೆ 'ಇದು ಮಾಂತ್ರಿಕ ವಾಸ್ತವವಾದ' ಅಂತ ಉತ್ತರ ಕೊಡುವವರು ದಯವಿಟ್ಟು ಎದ್ದು ಹೋಗಲಿ. ಒಂದು ಚೀಟಿ ಅಂಟಿಸಿದ ಮಾತ್ರಕ್ಕೆ ಪ್ರಶ್ನೆ ಸಾಯುವುದಿಲ್ಲ.

ಕಾದಂಬರಿಯಲ್ಲಿ ಇರುವುದೇನು? ಮೇಲುಜಾತಿಯ ಮನೆಯ ಹೆಣ್ಣು ಕುಸುಮ. ಕೇರಿಯ ಹುಡುಗ ಚನ್ನ. ಇಬ್ಬರ ಕೂಡಿಕೆ. ಅದಕ್ಕೆ ಬೆಲೆಯಾಗಿ ಚನ್ನನ ಕೊಲೆ. ಇಷ್ಟೇ ಆಗಿದ್ದರೆ ನಾವು ಎಷ್ಟೋ ಸಲ ಪತ್ರಿಕೆಯಲ್ಲಿ ಓದಿದ ಸುದ್ದಿ. ಆದರೆ ಇಂಥ ಕೊಲೆ ನಡೆದ ಊರಿನಲ್ಲಿ ಏನಾಗುತ್ತದೆ? ಕಂಡವರು ಕಂಡಿಲ್ಲ. ಕೇಳಿದವರು ಕೇಳಿಲ್ಲ. ಊರಿಗೆ ಬಾಯಿದೆ, ಮಾತಿಲ್ಲ. ಅಲ್ಲಿ ಕತೆ ಹೇಳುವವರು ಯಾರು? ಮನೆ ಮನೆಯ ದೀಪಗಳ ಜೋತಮ್ಮಗಳು ರಾತ್ರಿ ಒಂದು ಕಡೆ ಸೇರುತ್ತವೆ, ಕಂಡದ್ದನ್ನು ಆಡಿಕೊಳ್ಳುತ್ತವೆ. ಮಂಚಕ್ಕೂ ಮಾತು ಬರುತ್ತದೆ.

ಇದನ್ನು ಓದುವಾಗ ನನಗೆ ಕಂಬಾಲಪಲ್ಲಿ ನೆನಪಾಯಿತು. ಆಗ ಕೋಲಾರ ಜಿಲ್ಲೆಯಲ್ಲಿದ್ದ, ಚಿಂತಾಮಣಿ ತಾಲ್ಲೂಕಿನ ಊರು ಅದು. ೨೦೦೦ದ ಮಾರ್ಚ್ ೧೧ರಂದು ಅಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಮೊಕದ್ದಮೆ ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. ೨೦೦೬ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ೨೦೧೪ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟು ಕರಕಲಾದದ್ದು ನಿಜ, ಸುಟ್ಟವರು ಯಾರೂ ಇಲ್ಲ. ಹೇಳಿ, ಇದರಲ್ಲಿ ಯಾವುದು ವಾಸ್ತವ, ಯಾವುದು ಕಟ್ಟುಕತೆ? ಬೆಂಕಿ ತಾನಾಗಿ ಬಂತು ಅನ್ನುವ ಕಾಗದ ನಂಬಬಹುದಾದರೆ, ದೀಪ ಸಾಕ್ಷಿ ಹೇಳಿತು ಅನ್ನುವ ಕತೆ ಯಾಕೆ ನಂಬಬಾರದು?

ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನಗನ್ನಿಸುತ್ತದೆ. ಚಂದ್ರಗುತ್ತಿಯ ಪವಾಡಕ್ಕೂ ಕುಸುಮಬಾಲೆಯ ಅದ್ಭುತಕ್ಕೂ ಅಜಗಜಾಂತರ. ಪುರೋಹಿತಶಾಹಿಯ ಪವಾಡ ಮನುಷ್ಯನ ಬಾಯಿ ಮುಚ್ಚಿಸುತ್ತದೆ. 'ಇದು ದೈವಚಿತ್ತ, ಕೇಳಬೇಡ' ಅನ್ನುತ್ತದೆ. ಹೆಣ್ಣಿನ ಬಟ್ಟೆ ಬಿಚ್ಚಿಸಿ ಅದನ್ನು ಭಕ್ತಿ ಅನ್ನುತ್ತದೆ. ಕುಸುಮಬಾಲೆಯ ದೀಪ ಯಾರಿಂದಲೂ ಹರಕೆ ಕೇಳುವುದಿಲ್ಲ, ಯಾರನ್ನೂ ಹೆದರಿಸುವುದಿಲ್ಲ. ಮುಚ್ಚಿಟ್ಟದ್ದನ್ನು ಹೇಳುತ್ತದೆ, ಅಷ್ಟೆ. ದೇವರು ದೆವ್ವ ಇದೆಯೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆ. ಆ ಮಾತು ಯಾರ ಪರ ಆಡುತ್ತದೆ ಅನ್ನುವುದು ಇನ್ನೊಂದು. ನಮ್ಮ ಚಳುವಳಿ ಮೊದಲನೆಯದನ್ನು ಗಟ್ಟಿಯಾಗಿ ಕೇಳಿತು, ಕೇಳಬೇಕಿತ್ತು. ಎರಡನೆಯದನ್ನು ಕೇಳುವುದನ್ನು ಮರೆಯಿತು. ವೈಚಾರಿಕತೆಯ ಪೊರಕೆ ಹಿಡಿದು ಕೇರಿ ಗುಡಿಸುವಾಗ ಕಸದ ಜೊತೆಗೆ ಅಜ್ಜಿಯ ಕತೆಯನ್ನೂ ಗುಡಿಸಿ ತಿಪ್ಪೆಗೆ ಹಾಕಿದೆವು. ಡಿ.ಆರ್. ನಾಗರಾಜ್ ೧೯೯೩ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ದಲಿತರ ಸಾಂಸ್ಕೃತಿಕ ನೆನಪಿನ ಬಗ್ಗೆ ಎತ್ತಿದ ಮಾತಿಗೆ ನಾವು ಅವತ್ತು ಸಿಟ್ಟಾದದ್ದೇ ಹೆಚ್ಚು, ಕೂತು ಯೋಚಿಸಿದ್ದು ಕಡಿಮೆ.

ದೀಪಗಳು ಮಾತಾಡುವುದು ಮಹಾದೇವರು ಗಾಳಿಯಿಂದ ಹಿಡಿದು ತಂದದ್ದಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಗಳಲ್ಲಿ ಒಂದಿದೆ. ಒಬ್ಬಳಿಗೆ ಒಂದು ಕತೆ, ಒಂದು ಹಾಡು ಗೊತ್ತು. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿರುತ್ತಾಳೆ. ಉಸಿರುಗಟ್ಟಿದ ಕತೆ, ಹಾಡು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಗಂಡಸಿನ ಜೋಡು, ಅಂಗಿಯಾಗಿ ಬಾಗಿಲಲ್ಲಿ ಕೂರುತ್ತವೆ. ಗಂಡನಿಗೆ ಅನುಮಾನ, ಜಗಳ. ಅವನು ಮುನಿಸಿಕೊಂಡು ಹನುಮಂತನ ಗುಡಿಯಲ್ಲಿ ಮಲಗಲು ಹೋಗುತ್ತಾನೆ. ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ಯೋತಿಗಳು ಅಲ್ಲಿಗೇ ಬಂದು ಸೇರುತ್ತವೆ. ತಡವಾಗಿ ಬಂದ ಒಂದು ಜ್ಯೋತಿ ನಡೆದದ್ದನ್ನೆಲ್ಲ ಹೇಳುತ್ತದೆ. ಗಂಡ ಮನೆಗೆ ಹೋಗಿ ಆ ಕತೆ ಯಾವುದು ಅಂತ ಕೇಳಿದರೆ ಅವಳಿಗೆ ಅದು ಮರೆತೇ ಹೋಗಿರುತ್ತದೆ.

ಈ ಕತೆ ನಾನು ಹೇಳಿದಾಗ ಆ ಅಕ್ಕ, "ನಮ್ಮವ್ವನೂ ಹೇಳ್ತಿತ್ತು" ಅಂದರು. ಮಲೆನಾಡಿನವರೊಬ್ಬರಿಗೆ ಅಂಟಿಗೆ ಪಿಂಟಿಗೆ ನೆನಪಾಯಿತು. ದೀಪಾವಳಿಯಲ್ಲಿ ಹಾಡುಗಾರರು ದೀಪ ಹಿಡಿದು ರಾತ್ರಿಯಿಡೀ ಮನೆಯಿಂದ ಮನೆಗೆ ಹಾಡಿಕೊಂಡು ಹೋಗುವುದು ನಮ್ಮ ಕಡೆ ಎಲ್ಲರೂ ಬಲ್ಲದ್ದು. "ಆ ದೀಪ ನಾನು ಹುಡುಗ ಇದ್ದಾಗ ನಮ್ಮ ಕೇರಿ ತನಕ ಬರ್ತಿರ್ಲಿಲ್ಲ. ದೂರದಿಂದ ಹಾಡು ಕೇಳ್ತಿತ್ತು, ಬೆಳಕು ಕಾಣ್ತಿತ್ತು, ಅಷ್ಟೆ" ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಅಂದರು: "ಈ ಪುಸ್ತಕದ ದೀಪ ಕೇರಿಗೂ ಬರ್ತದೆ ನೋಡಿ." ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ.

ಈ ಬಗೆಯ ಮುಜುಗರ ನಮ್ಮದೊಂದೇ ಅಲ್ಲ. ನೈಜೀರಿಯಾದ ಆಮೋಸ್ ಟುಟುವೋಲ ಆರೇಳು ವರ್ಷ ಶಾಲೆ ಕಂಡವನು. ೧೯೫೨ರಲ್ಲಿ ಅವನ 'ದಿ ಪಾಮ್ ವೈನ್ ಡ್ರಿಂಕಾರ್ಡ್' ಲಂಡನ್ನಿನಲ್ಲಿ ಅಚ್ಚಾಯಿತು. ಸತ್ತ ಹೆಂಡ ಇಳಿಸುವವನನ್ನು ಹುಡುಕಿಕೊಂಡು ಸತ್ತವರ ಊರಿಗೆ ಹೋಗುವವನ ಕತೆ ಅದು. ಹೊರಗಿನವರು ಬೆರಗಾದರು. ಅವನ ನಾಡಿನ ಓದಿದವರಲ್ಲಿ ಹಲವರಿಗೆ ನಾಚಿಕೆಯಾಯಿತು: ಇದೆಂಥ ಇಂಗ್ಲಿಷು, ಇದೆಂಥ ಭೂತದ ಕತೆ, ನಮ್ಮನ್ನು ಕಾಡುಜನ ಅಂದಾರು ಅಂತ. ಹಾಗೆಯೇ ಅಮೆರಿಕದ ಕರಿಯ ಲೇಖಕಿ ಟೋನಿ ಮಾರಿಸನ್ ೧೯೮೭ರ 'ಬಿಲವೆಡ್' ಕಾದಂಬರಿಯಲ್ಲಿ ಸತ್ತ ಮಗುವನ್ನೇ ಮನೆಗೆ ಕರೆತಂದಳು. ಗುಲಾಮಗಿರಿಗೆ ಮತ್ತೆ ಸಿಕ್ಕಬಾರದೆಂದು ತಾಯಿಯೇ ಕೊಂದ ಮಗು ಅದು. ದಾಖಲೆ ಬರೆದವರು ಯಜಮಾನರು. ಗುಲಾಮರ ಎದೆಯೊಳಗಿನದು ದಾಖಲೆಯಲ್ಲಿ ಎಲ್ಲಿಂದ ಬರಬೇಕು? ಆಗ ಸತ್ತವರೇ ಎದ್ದು ಬರಬೇಕಾಗುತ್ತದೆ. ನಂಜನಗೂಡಿನ ಕೇರಿಗೂ ಅಮೆರಿಕದ ಹತ್ತಿಹೊಲಕ್ಕೂ ಈ ಒಂದು ವಿಷಯದಲ್ಲಿ ನೆಂಟಸ್ತನವಿದೆ.

ಇಷ್ಟು ಹೇಳಿ ನಾನು ಕುಸುಮಬಾಲೆಗೆ ಇನ್ನೊಂದು ಹಾರ ಹಾಕಿ ಎದ್ದರೆ ತಪ್ಪಾಗುತ್ತದೆ. ಓದುಗರ ಮೂರನೇ ತಕರಾರಿಗೆ ನನ್ನ ಹತ್ತಿರ ಪೂರಾ ಉತ್ತರವಿಲ್ಲ. ಕಾಲೇಜಿನ ಹುಡುಗಿ ಕೇಳಿದಳು: "ಪುಸ್ತಕದ ಮೇಲೆ ಕುಸುಮಳ ಹೆಸರಿದೆ. ದೀಪ ಮಾತಾಡಿತು, ಮಂಚ ಮಾತಾಡಿತು. ಕುಸುಮ ಎಷ್ಟು ಮಾತಾಡಿದಳು ಸಾರ್? ಅವನು ಸತ್ತ ಮೇಲೆ ಅವಳಿಗೇನಾಯಿತು ಅಂತ ಅವಳ ಬಾಯಲ್ಲೇ ಕೇಳ್ಬೇಕಿತ್ತು ನಂಗೆ." ಈ ಮಾತು ನನಗೆ ನಾಟಿತು. ಮರ್ಯಾದೆಯ ಹೆಸರಲ್ಲಿ ಇವತ್ತಿಗೂ ಹೆಣ್ಣುಮಕ್ಕಳನ್ನು, ಅವರು ಮೆಚ್ಚಿದವರನ್ನು ಕೊಲ್ಲುತ್ತಿರುವ ಕಾಲದಲ್ಲಿ ಈ ಹುಡುಗಿ ಓದುತ್ತಿದ್ದಾಳೆ. ಅವಳಿಗೆ ಕುಸುಮ ಒಂದು ಪಾತ್ರವಲ್ಲ, ಪಕ್ಕದ ಬೆಂಚಿನವಳು. ಇಡೀ ಊರಿಗೆ, ಮರಮುಟ್ಟಿಗೆ, ಬೆಳಕಿಗೆ ಕಿವಿಗೊಟ್ಟ ಲೇಖಕ ಆ ಹೆಣ್ಣಿನ ಒಳದನಿಗೆ ಇನ್ನಷ್ಟು ಕಿವಿಗೊಡಬಹುದಿತ್ತು. 'ಕಾದಂಬರಿ ಚಿಕ್ಕದು, ಸೂಚನೆಯಲ್ಲೇ ಹೇಳುತ್ತದೆ' ಅಂತ ನಾನು ಅಂದೆ. "ಹೆಂಗಸರದ್ದು ಯಾವಾಗ್ಲೂ ಸೂಚನೆಯಲ್ಲೇ ಯಾಕೆ?" ಅಂದಳು. ನಾನು ಸುಮ್ಮನಾದೆ.

ಇನ್ನೊಬ್ಬರು, "ಕೊಂದವರಿಗೆ ಶಿಕ್ಷೆ ಆಗಲ್ಲ, ಕೇರಿ ತಿರುಗಿಬೀಳಲ್ಲ, ಓದಿ ಏನು ಬಂತು?" ಅಂದರು. ಕಾವ್ಯ ಖಡ್ಗವಾಗಬೇಕೆಂದು ೧೯೭೯ರಲ್ಲಿ ಸಾರಿದ ಬಂಡಾಯದ ಮನೆಯಿಂದ ಬರುವ ನ್ಯಾಯವಾದ ಮಾತೇ ಇದು. ಆದರೆ ಖಡ್ಗ ಎತ್ತುವ ಮೊದಲು ಏಟು ಎಲ್ಲಿ ಬಿದ್ದಿದೆ ಅಂತ ಕಾಣಬೇಕಲ್ಲ? ಕಾಣಲು ಬೆಳಕು ಬೇಕು. ಈ ಕಾದಂಬರಿ ಕೈಗೆ ಆಯುಧ ಕೊಡುವುದಿಲ್ಲ, ದೀಪ ಹಿಡಿಯುತ್ತದೆ. ಎರಡೂ ಬೇಕು ಅನ್ನುವುದನ್ನು ನಾವು ಒಪ್ಪಿಕೊಳ್ಳಬೇಕು.

ಹಾಗಾದರೆ ಇದು ಓದುಗರಿಂದ ತಪ್ಪಿಹೋದದ್ದು ಹೇಗೆ? ನವ್ಯದ ಶಾಲೆಯಿಂದ ಬಂದ ವಿಮರ್ಶಕರು ಇದರ ರೂಪವನ್ನು, ತಂತ್ರವನ್ನು ಹೊಗಳಿದರು. ಹೊಗಳಿಕೆಯ ಭಾಷೆ ಪುಸ್ತಕದ ಭಾಷೆಗಿಂತ ಕಷ್ಟವಾಗಿತ್ತು. ನಮ್ಮವರು ಹೆಮ್ಮೆಪಟ್ಟರು, ಆದರೆ ಸಭೆಗಳಲ್ಲಿ ಓದಿ ಹೇಳಲಿಲ್ಲ. ಪುಸ್ತಕ ವಿಶ್ವವಿದ್ಯಾಲಯದ ಪಠ್ಯವಾಯಿತು, ಇಂಗ್ಲಿಷಿಗೂ ಹೋಯಿತು, ಕೇರಿಗೆ ಬರಲಿಲ್ಲ. ಜನಕ್ಕೆ ಇಂಥದ್ದು ಬೇಡ ಅನ್ನುವುದು ಸುಳ್ಳು. ೨೦೨೨ರಲ್ಲಿ ಇದೇ ಮಹಾದೇವರು ಬರೆದ ಒಂದು ಕಿರುಹೊತ್ತಗೆ ಹಲವು ಪ್ರಕಾಶಕರ ಮೂಲಕ ಏಕಕಾಲಕ್ಕೆ ಬಂದು, ಕೈಯಿಂದ ಕೈಗೆ ದಾಟಿ ನಾಡಿನ ತುಂಬ ಹೋಯಿತು. ಅಪ್ಪಟ ರಾಜಕೀಯದ ಪುಸ್ತಕ ಅದು. ಅದರಲ್ಲೂ ಅವರು ಹೇಳಿದ್ದು ಒಂದು ಜನಪದ ಕತೆ: ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣವಿಟ್ಟ ಮಾಂತ್ರಿಕನದು. ಅವತ್ತು ಯಾರೂ 'ಗಿಳಿಯಲ್ಲಿ ಪ್ರಾಣ ಇರುತ್ತದೆಯೇ' ಅಂತ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಯಿತು. ಅಂದಮೇಲೆ ದೀಪ ಮಾತಾಡುವುದು ಯಾಕೆ ಅರ್ಥವಾಗಬಾರದು? ಕೈಗೆ ಸಿಗಬೇಕು, ಕಿವಿಗೆ ಬೀಳಬೇಕು, ಅಷ್ಟೆ.

ನಮ್ಮ ಜಿಲ್ಲೆಗೂ ಪುಸ್ತಕಕ್ಕೂ ಹಳೆಯ ಋಣ ಇದೆ. ೧೯೩೬ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದದ ಕಾರ್ಖಾನೆಯ ಹಾಳೆಯ ಮೇಲೆ ಕನ್ನಡ ಎಷ್ಟೋ ಅಚ್ಚಾಗಿದೆ. ಆ ಕಾರ್ಖಾನೆ ಈಗ ನಿಂತಿದೆ. ಅಚ್ಚಿಗೆ ಕಾಗದ ಬೇರೆ ಕಡೆಯಿಂದಲಾದರೂ ಬರುತ್ತದೆ. ಓದುವ ದನಿ ಬೇರೆ ಕಡೆಯಿಂದ ಬರುವುದಿಲ್ಲ, ಅದು ನಮ್ಮದೇ ಆಗಬೇಕು. ಮರುಮುದ್ರಣ ಅಂದರೆ ಹಳೆಯ ಪುಟಕ್ಕೆ ಹೊಸ ಹೊದಿಕೆ ಹಾಕುವುದಲ್ಲ. ಮುಂದಿನ ಮುದ್ರಣದಲ್ಲಿ ದೊಡ್ಡ ಅಕ್ಷರ ಇರಲಿ, ಬೇರೆ ಸೀಮೆಯವರಿಗೆ ಕೊನೆಯಲ್ಲಿ ನಾಲ್ಕು ಪುಟ ಪದಗಳ ಅರ್ಥ ಇರಲಿ. ಆ ಸೀಮೆಯವರ ದನಿಯಲ್ಲೇ ಓದಿಸಿ ಫೋನಿನಲ್ಲಿ ಕೇಳುವ ಹಾಗೆ ಮಾಡಲಿ. ಅದಕ್ಕೂ ಮೊದಲು, ಪ್ರಶಸ್ತಿಯ ಮಾತು ಬಿಟ್ಟು, ಓದಿದವರು ಓದದವರಿಗೆ ಓದಿ ಹೇಳಲಿ.

ನಮಗೆ ಮುಗಿಸಲು ಆರು ಭಾನುವಾರ ಹಿಡಿಯಿತು. ಕೊನೆಯ ದಿನ ಕಾರ್ಖಾನೆಯ ಹಿರಿಯರನ್ನು ಕೇಳಿದೆ: "ಈಗೇನಂತೀರಿ?"

"ದೀಪ ಮಾತಾಡ್ತದೆ ಅಂತ ನಾನು ಈಗ್ಲೂ ಒಪ್ಪಲ್ಲ ಮೇಷ್ಟ್ರೆ. ಮನುಷ್ಯರು ಮಾತಾಡ್ಲಿಲ್ಲ ಅನ್ನೋದನ್ನ ಮಾತ್ರ ಒಪ್ತೀನಿ" ಅಂದರು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ಭದ್ರಾವತಿಯಲ್ಲಿ ಅವರ ಹಳೆಯ ಜೊತೆಗಾರರು ನಾಲ್ಕೈದು ಜನ ಇದ್ದಾರಂತೆ, ಓದಿ ಹೇಳಬೇಕಂತೆ. ಒಂದೇ ಪ್ರತಿ ಇರುವುದರಿಂದ ವಿನೋಬನಗರದಲ್ಲಿ ಸದ್ಯಕ್ಕೆ ಅದು ಇಲ್ಲ.